ಬಾಸ್ಟನ್‌ನಲ್ಲಿ ಟೇಪು, ಬೆಲ್‌ಫಾಸ್ಟ್‌ನಲ್ಲಿ ಕೇಸು: ಬೇರೆ ದೇಶದ ತನಿಖೆಗೆ ಸಾಕ್ಷ್ಯ ಕೊಡಬೇಕಾಗಿ ಬಂದ ಒಂದು ಪ್ರಕರಣ

ಕೊಲೆ ನಡೆದದ್ದು ಒಂದು ದೇಶದಲ್ಲಿ. ಅದರ ಬಗ್ಗೆ ಬಾಯಿಬಿಟ್ಟವರ ಟೇಪು ಇದ್ದದ್ದು ಇನ್ನೊಂದು ದೇಶದ ಲೈಬ್ರರಿಯಲ್ಲಿ. ಹಾಗೆ ಮಾತಾಡಿದವರಿಗೆ, ನೀವು ಬದುಕಿರುವ ತನಕ ಇದು ಹೊರಗೆ ಬರುವುದಿಲ್ಲ ಅಂತ ಕಾಗದದಲ್ಲಿ ಬರೆದುಕೊಟ್ಟಿದ್ದರು. ಆಮೇಲೆ ಪೊಲೀಸರು ಬಂದು ಟೇಪು ಕೊಡಿ ಎಂದರು.

ಇದು 'ಬಾಸ್ಟನ್ ಟೇಪ್ಸ್' ಎಂದೇ ಹೆಸರಾದ ಪ್ರಕರಣ. ಇದರ ಬಗ್ಗೆ ಬಂದಿರುವ ಬರಹಗಳು ಹೆಚ್ಚಾಗಿ ಎರಡು ಪಕ್ಷ ಕಟ್ಟಿಕೊಂಡು ವಾದ ಮಾಡುತ್ತವೆ. ಒಂದು ಕಡೆ ಸಂಶೋಧನೆಯ ಸ್ವಾತಂತ್ರ್ಯ, ಇನ್ನೊಂದು ಕಡೆ ಕೊಲೆಯಾದವರಿಗೆ ನ್ಯಾಯ. ಎರಡೂ ದೊಡ್ಡ ವಿಷಯಗಳೇ. ಆದರೆ ಕೇಸಿನ ಹಣೆಬರಹ ತೀರ್ಮಾನವಾದದ್ದು ಅಲ್ಲಲ್ಲ ಎಂದು ನನಗನಿಸುತ್ತದೆ. ಕಾನೂನಿನ ಕೊನೆಯಲ್ಲಿ ಯಾರೂ ಓದದ ಒಂದು ಭಾಗ ಇರುತ್ತದಲ್ಲ, ವ್ಯಾಖ್ಯೆಗಳು ಅಂತ, ಅಲ್ಲೇ ಅದು ಮುಗಿದುಹೋಗಿತ್ತು.

ಮೊದಲು ಟೇಪಿನ ಕಥೆ. ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡಿನಲ್ಲಿ (ಬೆಲ್‌ಫಾಸ್ಟ್ ಅದರ ರಾಜಧಾನಿ) ಮೂವತ್ತು ವರ್ಷ ನಡೆದ ಹಿಂಸೆಗೆ 1998ರ ಗುಡ್ ಫ್ರೈಡೇ ಒಪ್ಪಂದ ಹೆಚ್ಚುಕಡಿಮೆ ತೆರೆ ಎಳೆಯಿತು. ಬಂದೂಕು ಹಿಡಿದಿದ್ದವರಿಗೆ ಆಗಲೇ ವಯಸ್ಸಾಗುತ್ತಿತ್ತು. ಅವರು ಸಾಯುವ ಮೊದಲು ಅವರ ಬಾಯಿಂದಲೇ ಚರಿತ್ರೆ ದಾಖಲಿಸಬೇಕು ಎಂದು ಅಮೆರಿಕದ ಬಾಸ್ಟನ್ ಕಾಲೇಜು 2001ರಲ್ಲಿ 'ಬೆಲ್‌ಫಾಸ್ಟ್ ಪ್ರಾಜೆಕ್ಟ್' ಶುರು ಮಾಡಿತು. ಪತ್ರಕರ್ತ ಎಡ್ ಮೊಲೊನಿ ಅದರ ನಿರ್ದೇಶಕ. ಬ್ರಿಟನ್ನಿನ ಆಳ್ವಿಕೆ ಬೇಡ ಎಂದು ಬಂದೂಕು ಹಿಡಿದಿದ್ದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಕಡೆಯವರನ್ನು ಮಾತಾಡಿಸಿದ್ದು ಆಂಟನಿ ಮೆಕಿಂಟೈರ್. ಆತ ಸ್ವತಃ ಹಳೆಯ ಐಆರ್‌ಎ ಸದಸ್ಯ, ಜೈಲು ಕಂಡವರು, ಆಮೇಲೆ ಪಿಎಚ್‌ಡಿ ಮಾಡಿದವರು. ಬ್ರಿಟನ್ ಪರವಾಗಿದ್ದ ಲಾಯಲಿಸ್ಟ್ ಗುಂಪುಗಳವರನ್ನು ಮಾತಾಡಿಸಿದ್ದು ವಿಲ್ಸನ್ ಮೆಕಾರ್ಥರ್. 2006ರ ತನಕ ರೆಕಾರ್ಡಿಂಗ್ ನಡೆಯಿತು. ಎಲ್ಲವೂ ಕಾಲೇಜಿನ ಬರ್ನ್ಸ್ ಲೈಬ್ರರಿ ಸೇರಿತು. ಯಾರ ಹೆಸರೂ ಹೊರಗೆ ಕಾಣದ ಹಾಗೆ ಒಬ್ಬೊಬ್ಬರಿಗೂ ಒಂದೊಂದು ಅಕ್ಷರದ ಗುರುತು.

ಇಲ್ಲಿ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು 2001ರ ಜನವರಿಯಲ್ಲಿ ಕಾಲೇಜು ಮತ್ತು ಮೊಲೊನಿ ನಡುವೆ ಆದ ಒಪ್ಪಂದ. ಮಾತಾಡುವವರಿಗೆ ಗೋಪ್ಯತೆಯ ಭರವಸೆ ಕೊಡಬೇಕು, ಆದರೆ ಅಮೆರಿಕದ ಕಾನೂನು ಎಷ್ಟರ ಮಟ್ಟಿಗೆ ಬಿಡುತ್ತದೋ ಅಷ್ಟರ ಮಟ್ಟಿಗೆ ಮಾತ್ರ ಎಂದು ಅದರಲ್ಲಿದೆ. ಎರಡನೆಯದು ಮಾತಾಡಿದವರು ಸಹಿ ಹಾಕಿದ ದಾನಪತ್ರ. ತಾನು ಸಾಯುವ ತನಕ ಟೇಪನ್ನಾಗಲಿ ಅದರ ಬರಹರೂಪವನ್ನಾಗಲಿ ತನ್ನ ಲಿಖಿತ ಒಪ್ಪಿಗೆ ಇಲ್ಲದೆ ಯಾರಿಗೂ ತೋರಿಸುವಂತಿಲ್ಲ, ಬಿಡುಗಡೆ ಮಾಡುವ ಕೊನೆಯ ಅಧಿಕಾರ ತನ್ನದೇ, ಹೀಗೆ ಅದು ಹೇಳುತ್ತದೆ. ಅಮೆರಿಕದ ಕಾನೂನಿನ ಮಿತಿಯ ಮಾತು ಅದರಲ್ಲಿ ಎಲ್ಲೂ ಇಲ್ಲ. ಮೇಲಿನ ಕಾಗದದಲ್ಲಿದ್ದ ಒಂದು ಷರತ್ತು ಕೆಳಗಿನ ಕಾಗದಕ್ಕೆ ಇಳಿಯುವಾಗ ಕಳಚಿಬಿತ್ತು. ಬೆಲ್‌ಫಾಸ್ಟಿನಲ್ಲಿ ಕೂತು ತನ್ನ ಹಳೆಯ ಅಪರಾಧಗಳನ್ನು ಮೈಕಿನ ಮುಂದೆ ಹೇಳಿಕೊಂಡ ಮನುಷ್ಯನಿಗೆ ಆ ಷರತ್ತು ಇದೆ ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ.

ಈಗ ಕೊಲೆಯ ವಿಷಯ. ಜೀನ್ ಮೆಕಾನ್ವಿಲ್, ಪಶ್ಚಿಮ ಬೆಲ್‌ಫಾಸ್ಟಿನ ಡಿವಿಸ್ ಫ್ಲ್ಯಾಟ್ಸ್‌ನಲ್ಲಿದ್ದ ವಿಧವೆ, 10 ಮಕ್ಕಳ ತಾಯಿ. 1972ರ ಡಿಸೆಂಬರ್‌ನಲ್ಲಿ ಮಕ್ಕಳ ಕಣ್ಣೆದುರೇ ಆಕೆಯನ್ನು ಮನೆಯಿಂದ ಎಳೆದುಕೊಂಡು ಹೋದರು. ಗುಂಡಿಟ್ಟು ಕೊಂದು, ಗುಟ್ಟಾಗಿ ಹೂತರು. ಕೊಂದದ್ದು ತಾವೇ ಎಂದು ಐಆರ್‌ಎ ಒಪ್ಪಿಕೊಂಡದ್ದು 1999ರಲ್ಲಿ. ಶವ ಸಿಕ್ಕಿದ್ದು 2003ರ ಆಗಸ್ಟ್‌ನಲ್ಲಿ, ಗಡಿಯಾಚೆ ಲೌತ್ ಕೌಂಟಿಯ ಕಡಲತೀರದಲ್ಲಿ. ಆಕೆ ಬ್ರಿಟಿಷ್ ಸೈನ್ಯಕ್ಕೆ ಸುದ್ದಿ ಕೊಡುತ್ತಿದ್ದಳು ಎಂಬುದು ಕೊಂದವರ ಆರೋಪವಾಗಿತ್ತು. ಅದಕ್ಕೆ ಯಾವ ಆಧಾರವೂ ಇಲ್ಲ ಎಂದು 2006ರಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಒಂಬುಡ್ಸ್‌ಮನ್, ಅಂದರೆ ಪೊಲೀಸರ ಮೇಲಿನ ದೂರು ವಿಚಾರಿಸುವ ಅಧಿಕಾರಿಯ, ವರದಿ ಹೇಳಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಸರಿಯಾದ ತನಿಖೆಯೇ ನಡೆದಿರಲಿಲ್ಲ ಎಂದೂ ಹೇಳಿತು. ಟೇಪುಗಳ ಗೋಪ್ಯತೆಯ ಪರವಾಗಿ ಎಷ್ಟೇ ವಾದ ಮಾಡಿದರೂ ಆ ಹತ್ತು ಮಕ್ಕಳನ್ನು ಪಕ್ಕಕ್ಕಿಟ್ಟು ಮಾಡಲಾಗುವುದಿಲ್ಲ.

ಟೇಪು ಇದೆ ಎಂದು ಪೊಲೀಸರಿಗೆ ತಿಳಿದದ್ದು ಹೇಗೆ? ಯಾರೂ ಕದ್ದು ಹೇಳಲಿಲ್ಲ. ಮಾತಾಡಿದವರಲ್ಲಿ ಒಬ್ಬರಾದ ಹಳೆಯ ಐಆರ್‌ಎ ನಾಯಕ ಬ್ರೆಂಡನ್ ಹ್ಯೂಸ್ 2008ರಲ್ಲಿ ತೀರಿಕೊಂಡರು. ಸತ್ತ ಮೇಲೆ ಪ್ರಕಟಿಸಬಹುದು ಎಂಬ ಮಾತಿತ್ತಲ್ಲ, ಅದರಂತೆ 2010ರಲ್ಲಿ ಮೊಲೊನಿ ಆ ಸಂದರ್ಶನ ಬಳಸಿ ಪುಸ್ತಕ ತಂದರು. ಅದೇ ವರ್ಷ, ಹಿಂದೆ 1973ರ ಲಂಡನ್ ಬಾಂಬ್ ಸ್ಫೋಟಕ್ಕೆ ಶಿಕ್ಷೆ ಅನುಭವಿಸಿದ್ದ ಡೊಲೊರ್ಸ್ ಪ್ರೈಸ್, ಮೆಕಾನ್ವಿಲ್ ವಿಷಯದಲ್ಲಿ ತನಗೆ ಗೊತ್ತಿರುವುದನ್ನು ಹೇಳಿದ್ದಾಳೆ ಎಂದು ಬೆಲ್‌ಫಾಸ್ಟಿನ ಪತ್ರಿಕೆಗಳಲ್ಲಿ ಬಂತು. ಬಾಸ್ಟನ್ ಸಂದರ್ಶನಗಳಲ್ಲಿ ಆಕೆ ಮೆಕಾನ್ವಿಲ್ ಹೆಸರೇ ಎತ್ತಿಲ್ಲ ಎಂದು ಮೊಲೊನಿ ಮುಂದೆ ಪ್ರಮಾಣಪತ್ರ ಸಲ್ಲಿಸಿದರು. ಆದರೆ ಅಷ್ಟರಲ್ಲಿ ಚಕ್ರ ತಿರುಗಲು ಶುರುವಾಗಿತ್ತು.

ಆ ಚಕ್ರ ಹೇಗೆ ತಿರುಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ, ಪ್ರಕರಣದ ತಿರುಳು ಇರುವುದು ಇಲ್ಲೇ. ಬೆಲ್‌ಫಾಸ್ಟಿನ ಪೊಲೀಸ್ ಬಾಸ್ಟನ್‌ಗೆ ಹೋಗಿ ಲೈಬ್ರರಿ ಬಾಗಿಲು ತಟ್ಟುವಂತಿಲ್ಲ. ಬ್ರಿಟನ್ನಿನ 2003ರ ಅಪರಾಧ ಅಂತರರಾಷ್ಟ್ರೀಯ ಸಹಕಾರ ಕಾಯ್ದೆಯ 7ನೇ ಕಲಂ ಪ್ರಕಾರ ಅಲ್ಲಿಂದ ಒಂದು ಕೋರಿಕೆ ಪತ್ರ ಹೊರಡಬೇಕು. ಎರಡು ದೇಶಗಳ ನಡುವೆ 1994ರಲ್ಲಿ ಸಹಿಯಾದ ಪರಸ್ಪರ ಕಾನೂನು ನೆರವು ಒಪ್ಪಂದ ಇದೆ. ಅದರಲ್ಲಿ ಎರಡೂ ಕಡೆ ಒಂದೊಂದು ಕೇಂದ್ರ ಪ್ರಾಧಿಕಾರ: ಬ್ರಿಟನ್ನಿನ ಕಡೆ ಗೃಹ ಮಂತ್ರಿ, ಅಮೆರಿಕದ ಕಡೆ ಅಟಾರ್ನಿ ಜನರಲ್. ಕೋರಿಕೆ ಅಲ್ಲಿಗೆ ಬಂದ ಮೇಲೆ ಅಮೆರಿಕದ ಸರ್ಕಾರಿ ವಕೀಲರು ಫೆಡರಲ್ ನ್ಯಾಯಾಧೀಶರ ಮುಂದೆ ಅರ್ಜಿ ಹಾಕುತ್ತಾರೆ. ಫೆಡರಲ್ ಕಾನೂನಿನ 18ನೇ ಸಂಪುಟಕ್ಕೆ 2009ರಲ್ಲಿ ಸೇರಿಸಿದ 3512ನೇ ಸೆಕ್ಷನ್ ಪ್ರಕಾರ ನ್ಯಾಯಾಧೀಶರು ಒಬ್ಬ ಕಮಿಷನರ್‌ನನ್ನು ನೇಮಿಸುತ್ತಾರೆ. ಆ ಕಮಿಷನರ್ ಸಬ್‌ಪೀನಾ, ಅಂದರೆ ಇಂಥ ದಾಖಲೆ ತಂದುಕೊಡಿ ಎಂಬ ಆದೇಶ, ಹೊರಡಿಸುತ್ತಾರೆ. ಬಾಸ್ಟನ್ ಕಾಲೇಜಿಗೆ ಮೊದಲ ಸಬ್‌ಪೀನಾ ಬಂದದ್ದು 2011ರ ಮೇ ತಿಂಗಳಲ್ಲಿ. ಹ್ಯೂಸ್ ಮತ್ತು ಪ್ರೈಸ್ ಇಬ್ಬರ ಟೇಪು ಕೇಳಿದ್ದರು. ಹ್ಯೂಸ್ ಸತ್ತಿದ್ದರಿಂದ ಅವರದನ್ನು ಕಾಲೇಜು ಕೊಟ್ಟುಬಿಟ್ಟಿತು, ಪ್ರೈಸ್ ಟೇಪಿನ ವಿಷಯದಲ್ಲಿ ಆದೇಶ ರದ್ದು ಮಾಡಿ ಎಂದು ಕೋರ್ಟಿಗೆ ಹೋಯಿತು. ಆಗಸ್ಟ್‌ನಲ್ಲಿ ಎರಡನೇ ಸುತ್ತು ಬಂತು. ಈ ಸಲ ಹೆಸರುಗಳಿಲ್ಲ. ಮೆಕಾನ್ವಿಲ್ ಅಪಹರಣ ಮತ್ತು ಸಾವಿನ ಬಗ್ಗೆ ಮಾಹಿತಿ ಇರುವ ಯಾರದೇ ಸಂದರ್ಶನವಿರಲಿ, ಎಲ್ಲ ಕೊಡಿ ಎಂದರು.

ಈ ದಾರಿಯುದ್ದಕ್ಕೂ ಮೂರು ಪದಗಳು ಕಾವಲು ನಿಂತಿರುತ್ತವೆ. ಅವುಗಳ ವ್ಯಾಖ್ಯೆ ಎಷ್ಟು ಅಗಲ ಇಟ್ಟಿದ್ದಾರೋ ಬಾಗಿಲೂ ಅಷ್ಟೇ ಅಗಲ.

ಒಂದು, ಕೇಳುವವರು ಯಾರು. ವಿದೇಶದ ಕೋರ್ಟ್ ಕೇಳಿದರೆ ಮಾತ್ರ ಕೊಡಬೇಕು ಎಂದು ಜನ ಅಂದುಕೊಳ್ಳುತ್ತಾರೆ. 3512ನೇ ಸೆಕ್ಷನ್‌ನಲ್ಲಿ ವಿದೇಶಿ ಪ್ರಾಧಿಕಾರ ಎಂಬುದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೋರ್ಟ್ ಇದೆ, ಜೊತೆಗೆ ಅಪರಾಧ ತನಿಖೆ ಅಥವಾ ಮೊಕದ್ದಮೆಯ ಹೊಣೆ ಹೊತ್ತ ಯಾವುದೇ ಪ್ರಾಧಿಕಾರವೂ ಇದೆ, ಒಪ್ಪಂದದ ಪ್ರಕಾರ ನೆರವು ಕೇಳಲು ಗೊತ್ತುಮಾಡಿರುವ ಕೇಂದ್ರ ಪ್ರಾಧಿಕಾರವೂ ಇದೆ. ಅಂದರೆ ಬೆಲ್‌ಫಾಸ್ಟಿನಲ್ಲಿ ಒಬ್ಬ ನ್ಯಾಯಾಧೀಶರು ಕೇಸಿನ ಫೈಲ್ ತೆರೆದೇ ಇರಬೇಕು ಎಂದೇನಿಲ್ಲ.

ಎರಡು, ಯಾವ ಹಂತದಲ್ಲಿ ಕೇಳಬಹುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕ್ರಿಮಿನಲ್ ಪ್ರಕ್ರಿಯೆ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಆರೋಪ, ಕಟಕಟೆ, ವಿಚಾರಣೆ. ಆದರೆ 1994ರ ಒಪ್ಪಂದದ ವ್ಯಾಖ್ಯೆಯಲ್ಲಿ ಅಪರಾಧದ ತನಿಖೆಗೆ ಅಥವಾ ಮೊಕದ್ದಮೆಗೆ ಸಂಬಂಧಿಸಿದ ಯಾವುದೇ ಹೆಜ್ಜೆಯೂ ಆ ಪದದೊಳಗೆ ಬರುತ್ತದೆ. 2003ರ ಕಾಯ್ದೆಯೂ ಹಾಗೇ: ಅಪರಾಧ ನಡೆದಿದೆ ಅಥವಾ ನಡೆದಿದೆ ಎಂದು ಅನುಮಾನಿಸಲು ಸಮಂಜಸ ಕಾರಣವಿದೆ, ಮತ್ತು ಮೊಕದ್ದಮೆ ಶುರುವಾಗಿದೆ ಅಥವಾ ತನಿಖೆ ನಡೆಯುತ್ತಿದೆ. ಇಷ್ಟಿದ್ದರೆ ಸಾಕು. 2011ರಲ್ಲಿ ಈ ಕೊಲೆಗೆ ಸಂಬಂಧಿಸಿ ಒಬ್ಬ ಆರೋಪಿಯೂ ಕೋರ್ಟಿನ ಮುಂದೆ ಇರಲಿಲ್ಲ. ಆದರೂ ಕೋರಿಕೆ ಕಾನೂನುಬದ್ಧವೇ ಆಗಿತ್ತು, ಯಾಕೆಂದರೆ ತನಿಖೆ ಎಂಬುದೂ ಆ ವ್ಯಾಖ್ಯೆಯೊಳಗೇ ಇದೆ. ಹಳೆಯ ಕೊಲೆಯ ಫೈಲು ಮುಚ್ಚದಿರುವ ತನಕ ಬಾಗಿಲು ತೆರೆದೇ ಇರುತ್ತದೆ. ಕೊಲೆಯ ಫೈಲನ್ನು ಯಾರು ತಾನೇ ಮುಚ್ಚುತ್ತಾರೆ?

ಮೂರು, ಏನನ್ನು ಕೇಳಬಹುದು. 2003ರ ಕಾಯ್ದೆಯಲ್ಲಿ ಸಾಕ್ಷ್ಯ ಅಂದರೆ ಯಾವುದೇ ರೂಪದಲ್ಲಿರುವ ಮಾಹಿತಿ, ವಸ್ತುಗಳೂ ಸೇರಿ. ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬ ಪ್ರಶ್ನೆ ಈ ಹಂತದಲ್ಲಿ ಏಳುವುದೇ ಇಲ್ಲ. ಟೇಪು, ಟೇಪಿನ ಬರಹರೂಪ, ಟಿಪ್ಪಣಿ, ಯಾವ ಅಕ್ಷರ ಯಾರದು ಎಂದು ಹೇಳುವ ಪಟ್ಟಿ, ಎಲ್ಲವೂ ಸಾಕ್ಷ್ಯವೇ.

ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಆ ದಾನಪತ್ರವನ್ನು ಮತ್ತೊಮ್ಮೆ ಓದಿದರೆ ಅದು ಎಷ್ಟು ತೆಳುವಾದ ಕಾಗದ ಎಂದು ಗೊತ್ತಾಗುತ್ತದೆ.

ಸರಿ, ಕೊಡಬೇಡಿ ಎಂದು ಹೇಳುವ ಹಕ್ಕು ಯಾರಿಗಿದೆ? ಮೊಲೊನಿ ಮತ್ತು ಮೆಕಿಂಟೈರ್ ತಮ್ಮನ್ನೂ ಕೇಳಿ ಎಂದು ಕೋರ್ಟಿಗೆ ಹೋದರು. ಮಾತು ಕೊಟ್ಟವರು ಅವರು, ಟೇಪು ಹೊರಬಂದರೆ ಜೀವಕ್ಕೆ ಅಪಾಯ ಎಂದೂ ವಾದಿಸಿದರು. ಆದರೆ ಒಪ್ಪಂದದ ಮೊದಲ ವಿಧಿಯಲ್ಲೇ ಒಂದು ಸಾಲಿದೆ: ಇದು ಎರಡು ಸರ್ಕಾರಗಳ ನಡುವಿನ ನೆರವಿಗಾಗಿ ಮಾತ್ರ, ಸಾಕ್ಷ್ಯವನ್ನು ಪಡೆಯಲು, ತಡೆಯಲು, ಹೊರಗಿಡಲು ಅಥವಾ ಕೋರಿಕೆಗೆ ಅಡ್ಡಿ ಮಾಡಲು ಯಾವ ಖಾಸಗಿ ವ್ಯಕ್ತಿಗೂ ಇದರಿಂದ ಹಕ್ಕು ಹುಟ್ಟುವುದಿಲ್ಲ. 2012ರ ಜುಲೈನಲ್ಲಿ ಫಸ್ಟ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಈ ಸಾಲನ್ನೇ ಹಿಡಿದು ಅವರ ವಾದ ತಳ್ಳಿಹಾಕಿತು. ಸಂವಿಧಾನ ಕೊಟ್ಟ ವಾಕ್ ಸ್ವಾತಂತ್ರ್ಯದ ವಾದವೂ ನಿಲ್ಲಲಿಲ್ಲ. ಪತ್ರಕರ್ತ ಮೂಲ ಬಿಟ್ಟುಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದರೂ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಹೇಳಲೇಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲೇ ಬ್ರಾನ್ಸ್‌ಬರ್ಗ್ ಕೇಸಿನಲ್ಲಿ ಹೇಳಿತ್ತು. ಸಂಶೋಧಕರಿಗೆ ಅದಕ್ಕಿಂತ ಜಾಸ್ತಿ ರಕ್ಷಣೆ ಎಲ್ಲಿಂದ ಬರಬೇಕು? ಪೀಠದಲ್ಲಿದ್ದ ನ್ಯಾಯಮೂರ್ತಿ ಟೊರುವೆಲ್ಲಾ ಪ್ರತ್ಯೇಕವಾಗಿ ಬರೆದರು. ಆ ಹಳೆಯ ತೀರ್ಪು ಕಟ್ಟಿಹಾಕಿರುವುದರಿಂದ ಮಾತ್ರ ಒಪ್ಪುತ್ತಿದ್ದೇನೆ ಎಂಬ ಧ್ವನಿ ಅದರಲ್ಲಿದೆ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ. ಆ ವರ್ಷದ ಜನವರಿಯಲ್ಲಿ ಡೊಲೊರ್ಸ್ ಪ್ರೈಸ್ ತೀರಿಕೊಂಡಿದ್ದರು.

ರಾಜಕೀಯ ಸ್ವರೂಪದ ಅಪರಾಧವಾದರೆ ನೆರವು ನಿರಾಕರಿಸಬಹುದು ಎಂಬ ಅವಕಾಶ ಒಪ್ಪಂದದಲ್ಲಿತ್ತಲ್ವಾ ಎಂದು ಕೆಲವರು ಕೇಳುತ್ತಾರೆ. ಇತ್ತು. ಆದರೆ ಅದು ಕೇಂದ್ರ ಪ್ರಾಧಿಕಾರದ ಕೈಯಲ್ಲಿರುವ ಅಸ್ತ್ರ, ಅಟಾರ್ನಿ ಜನರಲ್ ಬಳಸಬೇಕು. ಲೈಬ್ರರಿ ಅಥವಾ ಸಂಶೋಧಕ ಅದನ್ನು ಎತ್ತಿಕೊಳ್ಳಲಾಗದು. ಆಗ ಸೆನೆಟರ್ ಆಗಿದ್ದ ಜಾನ್ ಕೆರಿ, ಬ್ರಿಟನ್ ಜೊತೆ ಮಾತಾಡಿ ಎಂದು ವಿದೇಶಾಂಗ ಮಂತ್ರಿ ಹಿಲರಿ ಕ್ಲಿಂಟನ್ ಅವರಿಗೆ ಪತ್ರ ಬರೆದರು. ಪತ್ರ ಅಲ್ಲಿಗೇ ನಿಂತಿತು.

ಹಾಗಾದರೆ ಕೋರ್ಟ್ ಸುಮ್ನೆ ಮುದ್ರೆ ಒತ್ತಿತೇ? ಇಲ್ಲ. ಜಿಲ್ಲಾ ನ್ಯಾಯಾಧೀಶ ವಿಲಿಯಂ ಯಂಗ್ 2011ರ ಡಿಸೆಂಬರ್‌ನಲ್ಲಿ ಆದೇಶ ರದ್ದು ಮಾಡಲು ಒಪ್ಪಲಿಲ್ಲ, ಆದರೆ ಮೊದಲು ತಾನೇ ಓದಿ ನೋಡುತ್ತೇನೆ ಎಂದರು. ಸಂದರ್ಶನಗಳ ರಾಶಿಯನ್ನು ತನ್ನ ಕೊಠಡಿಯಲ್ಲಿ ತಾವೇ ಕೂತು ಓದಿದರು. ಪ್ರೈಸ್ ಟೇಪು ಕೊಡಿ ಎಂದರು. ಆ ಭಾಗದ ಮೇಲೆ ಕಾಲೇಜು ಮೇಲ್ಮನವಿಯನ್ನೇ ಹಾಕಲಿಲ್ಲ. ನನಗೆ ತುಂಬಾ ಬೇಸರ ತರಿಸುವುದು ಈ ಸಂಗತಿ. ಮಾತು ಕೊಟ್ಟ ಸಂಸ್ಥೆ ಕೊನೆಯ ಮೆಟ್ಟಿಲ ತನಕ ಹೋಗಿ ಸೋತಿದ್ದರೆ ಅದು ಬೇರೆ. ಆಗಸ್ಟ್‌ನ ಕೋರಿಕೆಗೆ ಉತ್ತರವಾಗಿ ಯಂಗ್ 85 ಸಂದರ್ಶನ ಕೊಡಲು ಹೇಳಿದರು. ಇದರ ಮೇಲೆ ಕಾಲೇಜು ಮೇಲ್ಮನವಿ ಹಾಕಿತು. 2013ರ ಮೇ 31ರಂದು ಫಸ್ಟ್ ಸರ್ಕ್ಯೂಟ್ ಒಂದೊಂದನ್ನೂ ನೋಡಿ, ಮೆಕಾನ್ವಿಲ್ ವಿಷಯಕ್ಕೆ ನೇರ ಸಂಬಂಧವಿಲ್ಲದ್ದನ್ನು ತೆಗೆದು 11ಕ್ಕೆ ಇಳಿಸಿತು. ವ್ಯಾಖ್ಯೆ ಅಗಲವಿದ್ದಾಗ ಉಳಿಯುವ ಒಂದೇ ಜರಡಿ ಪ್ರಸ್ತುತತೆ, ಮತ್ತು ಅದನ್ನು ಹಿಡಿದು ಜಾಲಾಡಲು ಒಬ್ಬ ನ್ಯಾಯಾಧೀಶ ಮನಸ್ಸು ಮಾಡಬೇಕು. 85ರಿಂದ 11 ಅಂದರೆ ಸಣ್ಣ ವ್ಯತ್ಯಾಸವಲ್ಲ. ಉಳಿದ 74ರಲ್ಲಿ ಇನ್ನೂ ಎಷ್ಟೋ ಜನರ ಎಷ್ಟೋ ಬೇರೆ ಮಾತುಗಳಿದ್ದವು.

ಜುಲೈನಲ್ಲಿ ಬೆಲ್‌ಫಾಸ್ಟಿನ ಪತ್ತೇದಾರರು ಬಾಸ್ಟನ್‌ಗೆ ಬಂದು ಟೇಪು ತೆಗೆದುಕೊಂಡು ಹೋದರು. 2014ರ ಮಾರ್ಚ್‌ನಲ್ಲಿ ಐವರ್ ಬೆಲ್ ಎಂಬ 77 ವರ್ಷದ ಹಳೆಯ ಐಆರ್‌ಎ ನಾಯಕನ ಮೇಲೆ ಆರೋಪ ಹೊರಿಸಲಾಯಿತು. ಏಪ್ರಿಲ್ 30ರಂದು ಐಆರ್‌ಎ ಜೊತೆ ಗುರುತಿಸಿಕೊಂಡಿದ್ದ ಸಿನ್ ಫೇನ್ ಪಕ್ಷದ ಆಗಿನ ಅಧ್ಯಕ್ಷ ಗೆರಿ ಆಡಮ್ಸ್ ಬಂಧನ. ನಾಲ್ಕು ದಿನ ಪ್ರಶ್ನಿಸಿ ಬಿಟ್ಟರು. ಕೊಲೆಯಲ್ಲಿ ತನ್ನ ಪಾತ್ರವಿಲ್ಲ, ತಾನು ಐಆರ್‌ಎ ಸದಸ್ಯನೇ ಆಗಿರಲಿಲ್ಲ ಎಂದು ಆಡಮ್ಸ್ ಯಾವಾಗಲೂ ಹೇಳುತ್ತಾ ಬಂದಿದ್ದಾರೆ. 2015ರಲ್ಲಿ ಪ್ರಾಸಿಕ್ಯೂಷನ್ ಅವರನ್ನೂ ಸೇರಿಸಿ 7 ಜನರ ಮೇಲೆ ಮೊಕದ್ದಮೆ ಹೂಡುವಷ್ಟು ಸಾಕ್ಷ್ಯವಿಲ್ಲ ಎಂದು ತೀರ್ಮಾನಿಸಿತು.

ಇದರ ನಡುವೆ, 2014ರ ಮೇ ತಿಂಗಳಲ್ಲಿ, ಇಡೀ ಸಂಗ್ರಹವನ್ನೇ ಪಡೆಯಲು ಹೊರಟಿದ್ದೇವೆ ಎಂದು ಪೊಲೀಸರು ಪ್ರಕಟಿಸಿದರು. ಕೈಯಲ್ಲಿ ಆಗಲೇ ಟೇಪುಗಳಿದ್ದರೂ ಹೊಸ ಕೋರಿಕೆ ಯಾಕೆ ಬೇಕು? 2003ರ ಕಾಯ್ದೆಯ 9ನೇ ಕಲಂ ಓದಿದರೆ ಒಂದು ಕಾರಣ ಸಿಗುತ್ತದೆ. ಕೋರಿಕೆಯಲ್ಲಿ ಹೇಳಿದ ಉದ್ದೇಶ ಬಿಟ್ಟು ಬೇರೆ ಯಾವುದಕ್ಕೂ, ಕೊಟ್ಟ ದೇಶದ ಒಪ್ಪಿಗೆ ಇಲ್ಲದೆ, ಆ ಸಾಕ್ಷ್ಯ ಬಳಸುವಂತಿಲ್ಲ. ಮೆಕಾನ್ವಿಲ್ ಕೇಸಿಗೆಂದು ತಂದ ಟೇಪಿನಲ್ಲಿ ಇನ್ನೊಂದು ಸ್ಫೋಟದ ಸುದ್ದಿ ಸಿಕ್ಕಿದರೆ ಅದನ್ನು ಎತ್ತಿ ಬೇರೆ ಕೇಸಿಗೆ ಹಾಕಿಕೊಳ್ಳಲಾಗದು. ಮಾತಾಡಿದವರಿಗೆ ಕಾನೂನಿನಲ್ಲಿ ನಿಜವಾಗಿ ಇದ್ದ ರಕ್ಷಣೆ ಇಷ್ಟು, ಇದು ದಾನಪತ್ರದಿಂದ ಬಂದದ್ದಲ್ಲ.

ಕೊನೆಗೆ 2019ರ ಅಕ್ಟೋಬರ್, ಬೆಲ್‌ಫಾಸ್ಟ್ ಕ್ರೌನ್ ಕೋರ್ಟ್. ಬೆಲ್‌ಗೆ ಮರೆವಿನ ಕಾಯಿಲೆ, ಸಾಮಾನ್ಯ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಶಿಕ್ಷೆಯ ಪ್ರಶ್ನೆ ಬಿಟ್ಟು, ಆತ ಆ ಕೃತ್ಯ ಮಾಡಿದನೇ ಇಲ್ಲವೇ ಎಂಬುದನ್ನಷ್ಟೇ ಜ್ಯೂರಿ ಮುಂದಿಟ್ಟರು. ಆರೋಪ ಕೊಲೆಗೆ ಪ್ರಚೋದನೆ. ಸಾಕ್ಷ್ಯ 'ಝಡ್' ಎಂಬ ಅಕ್ಷರ ಹೊತ್ತ ಟೇಪು. ನ್ಯಾಯಮೂರ್ತಿ ಒ'ಹಾರಾ ಆ ಟೇಪನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಅವರ ಕಾರಣ ಗಮನಿಸಿ. ಸಾಯುವ ತನಕ ಹೊರಬರುವುದಿಲ್ಲ ಎಂಬ ಮಾತು ಮಾತಾಡುವವನಿಗೆ ಸತ್ಯ ಹೇಳುವ ಧೈರ್ಯ ಕೊಟ್ಟಿರಬಹುದು, ಆದರೆ ಸುಳ್ಳು ಹೇಳುವ, ತಿರುಚುವ, ಉತ್ಪ್ರೇಕ್ಷೆ ಮಾಡುವ, ಬೇರೆಯವರ ಮೇಲೆ ಹೊರಿಸುವ ಸ್ವಾತಂತ್ರ್ಯವನ್ನೂ ಅದೇ ಕೊಟ್ಟಿತು. ಸಂದರ್ಶನ ಮಾಡಿದವರಿಗೆ ಸ್ಪಷ್ಟ ಪೂರ್ವಗ್ರಹವಿತ್ತು ಎಂದೂ ಹೇಳಿದರು. ಟೇಪು ಹೋದ ಮೇಲೆ ಕೇಸಿನಲ್ಲಿ ಏನೂ ಉಳಿಯಲಿಲ್ಲ. ಬೆಲ್ ಆ ಕೃತ್ಯ ಮಾಡಿಲ್ಲ ಎಂದು ಜ್ಯೂರಿ ತೀರ್ಮಾನ ಕೊಟ್ಟಿತು.

ಎರಡು ವರ್ಷ ಎರಡು ಮಟ್ಟದ ಕೋರ್ಟುಗಳಲ್ಲಿ ಗುದ್ದಾಡಿ ಪಡೆದ ವಸ್ತು, ವಿಚಾರಣೆಯ ಹೊಸ್ತಿಲಲ್ಲಿ ಬಿದ್ದುಹೋಯಿತು. ಕೆಲವರು ಇದನ್ನು ನೋಡಿ, ಹಾಗಿದ್ದರೆ ಟೇಪು ಕೊಟ್ಟದ್ದೇ ವ್ಯರ್ಥ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಂಗ್ರಹಿಸುವಾಗ ಸಾಕ್ಷ್ಯ ಎಂಬ ಮಾತಿಗೆ ಇರುವ ಅಗಲ ಬೇರೆ, ವಿಚಾರಣೆಯಲ್ಲಿ ಅದಕ್ಕೆ ಹಚ್ಚುವ ಒರೆಗಲ್ಲು ಬೇರೆ. ಬಾಸ್ಟನ್ನಿನ ನ್ಯಾಯಾಧೀಶರು ಬೆಲ್‌ಫಾಸ್ಟಿನ ಕೋರ್ಟಿನ ಪರವಾಗಿ ಇದು ನಂಬಲರ್ಹವೇ ಎಂದು ಮೊದಲೇ ತೀರ್ಪು ಕೊಡತೊಡಗಿದರೆ ಯಾವ ದೇಶದ ತನಿಖೆಯೂ ಮುಂದೆ ಹೋಗುವುದಿಲ್ಲ. ತಪ್ಪಿದ್ದರೆ ಅದು ಆ ಅಗಲವನ್ನು ಸಹಿ ಹಾಕುವವರಿಗೆ ಹೇಳದೇ ಇದ್ದದ್ದರಲ್ಲಿ.

ಬೇರೆ ದಾರಿ ಇರಲಿಲ್ಲ ಎಂದೂ ಹೇಳಲಾಗದು. ಕಾಣೆಯಾದವರ ಶವ ಹುಡುಕಲು ಬ್ರಿಟನ್ ಮತ್ತು ಐರ್ಲೆಂಡ್ ಸೇರಿ 1999ರಲ್ಲಿ ಒಂದು ಆಯೋಗ ಮಾಡಿದವು. ಅದಕ್ಕಾಗಿ ತಂದ ಕಾನೂನಿನಲ್ಲಿ, ಆಯೋಗಕ್ಕೆ ಕೊಟ್ಟ ಮಾಹಿತಿಯನ್ನಾಗಲಿ ಅದರಿಂದ ನೇರವಾಗಿಯೋ ಸುತ್ತಿಬಳಸಿಯೋ ಸಿಕ್ಕ ಸಾಕ್ಷ್ಯವನ್ನಾಗಲಿ ಯಾವ ಕ್ರಿಮಿನಲ್ ವಿಚಾರಣೆಯಲ್ಲೂ ಬಳಸುವಂತಿಲ್ಲ ಎಂದು ಬರೆದಿದ್ದಾರೆ. ಅದೇ ಮನುಷ್ಯ, ಅದೇ ಮಾತು. ಆಯೋಗದ ಮುಂದೆ ಹೇಳಿದರೆ ಸಂಸತ್ತೇ ಕೊಟ್ಟ ರಕ್ಷಣೆ. ಲೈಬ್ರರಿಯ ಮೈಕಿಗೆ ಹೇಳಿದರೆ ಸಬ್‌ಪೀನಾ. ಗೋಪ್ಯತೆ ಕಾನೂನಿನಿಂದ ಬರಬೇಕು, ಕಾಲೇಜಿನ ಲೆಟರ್‌ಹೆಡ್‌ನಿಂದ ಬರುವುದಿಲ್ಲ.

ಅಪರಾಧದ ಬಗ್ಗೆ ಜನರನ್ನು ಮಾತಾಡಿಸುವ ಯಾರೇ ಆಗಲಿ, ಒಪ್ಪಿಗೆ ಪತ್ರದಲ್ಲಿ ಇಷ್ಟಾದರೂ ಇರಲಿ: ನಮ್ಮ ದೇಶದ ಕೋರ್ಟ್ ಆದೇಶ ಕೊಟ್ಟರೆ ಇದನ್ನು ಒಪ್ಪಿಸಬೇಕಾಗುತ್ತದೆ, ಆ ಆದೇಶ ಬೇರೆ ದೇಶದ ಪೊಲೀಸ್ ತನಿಖೆಗಾಗಿಯೂ ಬರಬಹುದು, ಆಗ ಯಾರ ಮೇಲೂ ಆರೋಪ ಹೊರಿಸಿರಲೇಬೇಕು ಎಂದಿಲ್ಲ. ಇದನ್ನು ಓದಿದ ಮೇಲೆ ಎಷ್ಟೋ ಜನ ಬಾಯಿ ಬಿಡುವುದಿಲ್ಲ, ಚರಿತ್ರೆಗೆ ಅಷ್ಟು ನಷ್ಟ. ಆ ನಷ್ಟವನ್ನು ಒಪ್ಪಿಕೊಂಡೇ ಬರೆಯಬೇಕು.

2014ರ ಮೇ ತಿಂಗಳಲ್ಲಿ, ಕೇಳಿದವರಿಗೆ ಅವರವರ ಟೇಪು ವಾಪಸ್ ಕೊಡುತ್ತೇವೆ ಎಂದು ಬಾಸ್ಟನ್ ಕಾಲೇಜು ಹೇಳಿತು. ಹಾಗೆ ವಾಪಸ್ ಪಡೆದು ಬೆಲ್‌ಫಾಸ್ಟಿನ ಮನೆಯ ಬೀರುವಿನಲ್ಲಿ ಇಟ್ಟುಕೊಂಡವರ ವಿಷಯದಲ್ಲಿ ಒಪ್ಪಂದ, ಅಟಾರ್ನಿ ಜನರಲ್, ಕಮಿಷನರ್ ಯಾರೂ ಬೇಕಾಗಿಲ್ಲ. 9ನೇ ಕಲಂನ ಮಿತಿಯೂ ಅಲ್ಲಿ ಅನ್ವಯಿಸುವುದಿಲ್ಲ. ಸ್ಥಳೀಯ ಪೊಲೀಸರಿಗೆ ಒಂದು ಶೋಧನಾ ವಾರಂಟ್ ಸಾಕು.